ಎರೆ, ಮಸಾರಿ, ಕೆಂಪು: ಮೂರು ಬಾಟಲಿಯಲ್ಲಿ ನಿಮ್ಮ ಜಿಲ್ಲೆಯ ಮಣ್ಣು ಓದುವುದು ಹೇಗೆ

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಅಂದ ಕೂಡಲೇ ಒಂದು ಜ್ವಾಲಾಮುಖಿ ಬಂದೇ ಬರುತ್ತದೆ. ಥರ್ಮಾಕೋಲ್ ಗುಡ್ಡ, ಮೇಲೆ ಕೆಂಪು ಬಣ್ಣ, ಒಳಗೆ ಅಡುಗೆ ಸೋಡಾ. ವಿನೆಗರ್ ಸುರಿದರೆ ಬುಸ್ ಅಂತ ನೊರೆ. ಮಜಾ ಇದೆ, ಬೇಡ ಅನ್ನುವುದಿಲ್ಲ. ಆದರೆ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲೋ ಇಂಡಿಯಲ್ಲೋ ಕೂತು ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡುವವರ ಕಾಲ ಕೆಳಗೇ ನಿಜವಾದ ಲಾವಾ ಇದೆ, ಅಲ್ವಾ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಲಾವಾ ಮತ್ತೆ ಮತ್ತೆ ಉಕ್ಕಿ ಹರಿದು, ಒಂದು ಪದರದ ಮೇಲೆ ಇನ್ನೊಂದು ಪದರ ಕೂತು ಗಟ್ಟಿಯಾಯಿತು. ಅದೇ ದಖ್ಖನ್ ಟ್ರ್ಯಾಪ್. ಸವೆದು ಸವೆದು ಉಳಿದಿರುವುದೇ ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದರ ದಕ್ಷಿಣದ ಅಂಚು ನಮ್ಮ ಜಿಲ್ಲೆಗಳಲ್ಲೇ ಹಾದುಹೋಗುತ್ತದೆ.

ಆದ್ದರಿಂದ ಈ ಸಲ ವಿನೆಗರ್ ಬಾಟಲಿಯನ್ನು ಮಣ್ಣಿನ ಹತ್ತಿರ ತನ್ನಿ. ಎಂಟರಿಂದ ಹತ್ತನೇ ತರಗತಿಯವರು ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಕಿಟ್ ಬೇಡ, ಲ್ಯಾಬ್ ಬೇಡ. ಹಳೆಯ ಗಾಜಿನ ಡಬ್ಬಿಗಳು, ಸ್ಕೇಲು, ಗಡಿಯಾರ, ಒಂದಿಷ್ಟು ವಿನೆಗರ್, ಕೆಂಪು ದಾಸವಾಳ ಹೂ ಇದ್ದರೆ ಸಾಕು. ಎಲ್ಲಾ ಮುಗಿಯಲು ಒಂದು ವಾರ ಹಿಡಿಯುತ್ತದೆ, ಯಾಕೆಂದರೆ ಮಣ್ಣು ಒಣಗಬೇಕು, ನೀರು ತಿಳಿಯಾಗಬೇಕು. ಪ್ರದರ್ಶನದ ಹಿಂದಿನ ದಿನ ಶುರು ಮಾಡಿದರೆ ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರು ಜಿಲ್ಲೆಗಳ ಮಟ್ಟಿಗೆ ಮಣ್ಣು ಹೀಗ್ಯಾಕಿದೆ ಅನ್ನುವುದಕ್ಕೆ ಮುಖ್ಯವಾಗಿ ಎರಡು ಉತ್ತರ. ಕೆಳಗೆ ಯಾವ ಕಲ್ಲು ಇದೆ? ಮೇಲಿಂದ ಎಷ್ಟು ಮಳೆ ಬೀಳುತ್ತದೆ? ಮುಂದಿನ ಪ್ರತಿ ಪರೀಕ್ಷೆಯಲ್ಲೂ ಈ ಎರಡನ್ನೇ ಹುಡುಕುತ್ತಾ ಹೋಗಿ.

ಮೊದಲು ಕಲ್ಲು ನೋಡಿ

ಮಣ್ಣಿಗೆ ಕೈ ಹಾಕುವ ಮುಂಚೆ ಕಲ್ಲು ಗುರುತು ಹಿಡಿಯಬೇಕು. ಅದಕ್ಕೆ ಎಲ್ಲೂ ಅಗೆಯುವುದು ಬೇಡ, ನಮ್ಮ ಕಟ್ಟಡಗಳನ್ನು ನೋಡಿದರೆ ಆಯಿತು. ಹಳೆಯ ಕಾಲದವರು ದೊಡ್ಡ ಕೆಲಸಕ್ಕೆ ಹತ್ತಿರ ಸಿಗುವ ಕಲ್ಲನ್ನೇ ಬಳಸಿದ್ದಾರೆ.

ವಿಜಯಪುರದ ಗೋಳಗುಮ್ಮಟ, 1656ರ ಹೊತ್ತಿಗೆ ಕಟ್ಟಿದ್ದು, ಕಪ್ಪು ಬೂದು ಬಣ್ಣದ ಬಸಾಲ್ಟ್ ಕಲ್ಲಿನದ್ದು. ಅಂದರೆ ಅದೂ ಲಾವಾನೇ. ಬಸಾಲ್ಟ್ ಕೈಗೆ ಭಾರ, ಕಾಳು ಎಷ್ಟು ಸಣ್ಣ ಅಂದರೆ ಬರಿಗಣ್ಣಿಗೆ ಕಾಣುವುದಿಲ್ಲ. ಕೆಲವು ಕಲ್ಲಿನಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ. ಲಾವಾ ತಣ್ಣಗಾಗುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ಜಾಗ ಅದು. ಆ ತೂತಿನಲ್ಲಿ ಆಮೇಲೆ ಬಿಳಿ ಹರಳು ಬೆಳೆದಿರುವುದೂ ಉಂಟು. ನಿಮ್ಮೂರಲ್ಲಿ ಹಳೆಯ ತೆರೆದ ಬಾವಿ ಇದ್ದರೆ ದೊಡ್ಡವರ ಜೊತೆ ಹೋಗಿ, ದೂರ ನಿಂತು ಅದರ ಗೋಡೆ ನೋಡಿ. ಗಟ್ಟಿ ಪದರ, ತೂತಿನ ಪದರ, ನಡುವೆ ಎಲ್ಲಾದರೂ ಇಟ್ಟಿಗೆ ಬಣ್ಣದ ತೆಳು ಪದರ ಕಂಡರೆ ಅದನ್ನು ಬಿಡಬೇಡಿ, ಫೋಟೋ ತೆಗೆಯಿರಿ. ಒಂದು ಸಲ ಲಾವಾ ಹರಿದು ನಿಂತ ಮೇಲೆ ಬಹಳ ಕಾಲ ಖಾಲಿ ಇದ್ದಾಗ ಅದರ ಮೇಲ್ಭಾಗ ಸವೆದು ಮಣ್ಣಾಗಿತ್ತು, ಮುಂದಿನ ಲಾವಾ ಬಂದು ಅದನ್ನು ಮುಚ್ಚಿ ಸುಟ್ಟಿತು. ಕೆಂಪು ಪದರ ಅಂದರೆ ಆ ಬಿಡುವಿನ ಗುರುತು.

ಬಾದಾಮಿ ಬೇರೆ ಕಥೆ. ಆರನೇ ಶತಮಾನದಲ್ಲಿ ಚಾಲುಕ್ಯರು ಕೊರೆಸಿದ ಗುಹೆಗಳು (ಮೂರನೇ ಗುಹೆಯ ಶಾಸನದ ಕಾಲ 578) ಮರಳುಗಲ್ಲಿನಲ್ಲಿವೆ. ಆ ಕಲ್ಲು ಲಾವಾ ಅಲ್ಲ. ನೀರು ತಂದು ಹಾಸಿದ ಮರಳು ಒತ್ತಿ ಒತ್ತಿ ಕಲ್ಲಾದದ್ದು, ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು. ಬಾಗಲಕೋಟೆ ಹತ್ತಿರದ ಕಲಾದಗಿ ಊರಿನ ಹೆಸರನ್ನೇ ಈ ಕಲ್ಲುಗಳ ಗುಂಪಿಗೆ ಇಟ್ಟಿದ್ದಾರೆ. ದಾಳಿಂಬೆ, ಚಿಕ್ಕು ಅಂತ ನಮಗೆ ಗೊತ್ತಿರುವ ಕಲಾದಗಿ ಭೂವಿಜ್ಞಾನದವರಿಗೆ ಕಲ್ಲಿನಿಂದ ಗೊತ್ತು! ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಭಾಗವನ್ನೆಲ್ಲ ಸುತ್ತಿ 1876ರಲ್ಲೇ ದೊಡ್ಡ ವರದಿ ಪ್ರಕಟಿಸಿದ್ದರು. ಗೋಕಾಕದಲ್ಲಿ ಘಟಪ್ರಭಾ ಸುಮಾರು 52 ಮೀಟರ್ ಧುಮುಕುವುದೂ ಇದೇ ಗುಂಪಿನ ಗಟ್ಟಿ ಕಲ್ಲಿನ ಮೇಲಿಂದ. ಇಳಕಲ್ ಕಡೆ ಹೋದರೆ ಗುಲಾಬಿ ಬಣ್ಣದ ಗ್ರಾನೈಟ್.

ಬೆಳಗಾವಿ, ಖಾನಾಪುರದ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲು. ಮಳೆ ಜಾಸ್ತಿ ಬೀಳುವ ಕಡೆ ಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಮರಳಿನ ಅಂಶ ಕರಗಿ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದರೆ ಈ ಕಲ್ಲು ಆಗುತ್ತದೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದ್ದು.

ಗುಹೆ, ಕೋಟೆ, ಗುಡಿಯ ಕಲ್ಲನ್ನು ಕೆರೆಯುವುದು, ಚೂರು ತರುವುದು ಮಾಡಬೇಡಿ. ಅದು ಅಪರಾಧ. ನೋಡಿ, ಬರೆದುಕೊಳ್ಳಿ, ಅಷ್ಟೇ.

ಮಣ್ಣು ತರುವುದು

ಮೂರು ಮಣ್ಣು ಬೇಕು. ಒಂದು ಎರೆ, ಅಂದರೆ ಬಸಾಲ್ಟ್ ಇರುವ ಕಡೆಯ ಕಪ್ಪು ಮಣ್ಣು. ಇನ್ನೊಂದು ಮಸಾರಿ, ಅಂದರೆ ಬಾದಾಮಿ, ಗುಳೇದಗುಡ್ಡದ ಕಡೆ ಸಿಗುವ ಮರಳು ಮಿಶ್ರಿತ ಕೆಂಪು. ಮೂರನೆಯದು ಬೆಳಗಾವಿ, ಖಾನಾಪುರದ ಜಂಬಿಟ್ಟಿಗೆ ಮಣ್ಣು. ಮೂರೂ ಒಂದೇ ಊರಲ್ಲಿ ಸಿಗುವುದಿಲ್ಲ. ಸೋದರಮಾವನ ಊರು, ಅಕ್ಕನ ಗಂಡನ ಮನೆ, ಹಾಸ್ಟೆಲ್‌ನಲ್ಲಿರುವ ಗೆಳೆಯ, ಯಾರಾದರೂ ಇದ್ದೇ ಇರುತ್ತಾರೆ, ಬರುವಾಗ ಒಂದು ಚೀಲ ತರಲು ಹೇಳಿ. ಅದೂ ಆಗದಿದ್ದರೆ ನಿಮ್ಮೂರಲ್ಲೇ ಹಳ್ಳದ ದಂಡೆಯದ್ದು, ಹೊಲದ್ದು, ಮೇಲಿನ ಮಡ್ಡಿಯದ್ದು ತನ್ನಿ. ಒಂದೇ ಊರಿನೊಳಗೂ ಎಷ್ಟು ವ್ಯತ್ಯಾಸ ಇದೆ ಅಂತ ಕಾಣುತ್ತದೆ. ನನ್ನನ್ನು ಕೇಳಿದರೆ ಇದೇ ಒಳ್ಳೆಯ ಪ್ರಾಜೆಕ್ಟ್.

ಹೊಲದವರನ್ನು ಕೇಳಿಯೇ ಅಗೆಯಿರಿ. ಮೇಲಿನ ಕಸಕಡ್ಡಿ ಸರಿಸಿ, ಕುರ್ಪಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15 ಸೆಂಟಿಮೀಟರ್ ಆಳದವರೆಗೆ ಇಳಿಜಾರಾಗಿ ಕುಳಿ ತೆಗೆಯಿರಿ. ಕುಳಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಸಮನಾಗಿ ಒಂದು ಹೋಳು ಕೆರೆದುಕೊಳ್ಳಿ. ಒಂದೇ ಹೊಲದಲ್ಲಿ ನಾಲ್ಕೈದು ಕಡೆ ಹೀಗೆ ತೆಗೆದು, ಎಲ್ಲಾ ಬೆರೆಸಿ, ಅದರಲ್ಲಿ ಒಂದು ಕಿಲೋ ಸಾಕು. ತಿಪ್ಪೆ ಪಕ್ಕ, ಬದುವಿನ ಮೇಲೆ, ಗಿಡದ ಬುಡದಲ್ಲಿ, ಮೊನ್ನೆಯಷ್ಟೇ ಗೊಬ್ಬರ ಹಾಕಿದ ಸಾಲಿನಲ್ಲಿ ತೆಗೆಯಬೇಡಿ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಹಾಕಬಾರದು. ಚೇಳು, ಹಾವು ತಂಪಿಗೆ ಅಲ್ಲೇ ಇರುತ್ತವೆ.

ತಂದ ಮಣ್ಣನ್ನು ಪೇಪರ್ ಮೇಲೆ ಹರವಿ, ನೆರಳಿನಲ್ಲಿ ಒಣಗಿಸಿ, ಹೆಂಟೆ ಒಡೆದು, ಸಾಣಿಗೆಯಲ್ಲಿ ಜರಡಿ ಹಿಡಿಯಿರಿ. ಹಿಟ್ಟಿನ ಸಾಣಿಗೆ ತೆಗೆದುಕೊಂಡರೆ ಅಮ್ಮ ಬೈಯುತ್ತಾರೆ, ಹಳೆಯದೊಂದು ಹುಡುಕಿ. ಚೀಟಿ ಅಂಟಿಸಿ. ಊರು, ಹೊಲದ ಬಗೆ, ತಾರೀಕು, ಆ ಹೊಲದಲ್ಲಿ ಏನು ಬೆಳೆಯುತ್ತಾರೆ, ನೀರಾವರಿ ಇದೆಯೋ ಮಳೆಯನ್ನೇ ನಂಬಿದ್ದೋ, ಎಲ್ಲಾ ಬರೆಯಿರಿ. ಈ ಕೊನೆಯ ಎರಡು ವಿಷಯ ಮುಂದೆ ಬೇಕಾಗುತ್ತವೆ.

ಕೈಯಲ್ಲೇ ಮೊದಲ ಪರೀಕ್ಷೆ

ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ನಾದಿ, ಉಂಡೆ ಮಾಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು ಒತ್ತುತ್ತಾ ಮುಂದೆ ತಳ್ಳಿ. ಮಣ್ಣು ಪಟ್ಟಿಯಾಗಿ ಹೊರಗೆ ಬರುತ್ತದೆ, ಒಂದು ಹಂತದಲ್ಲಿ ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಬಿದ್ದ ತುಂಡಿನ ಉದ್ದ ಅಳೆಯಿರಿ. ಎರಡೂವರೆ ಸೆಂಟಿಮೀಟರ್ ಒಳಗೇ ಮುರಿದರೆ ಜೇಡಿ (ಮಣ್ಣಿನಲ್ಲಿರುವ ಅತಿ ಸಣ್ಣ, ಅಂಟುವ ಕಣ) ಕಡಿಮೆ. ಐದು ದಾಟಿದರೆ ಜೇಡಿ ಜಾಸ್ತಿ. ಉಂಡೆಯೇ ಕಟ್ಟದಿದ್ದರೆ ಅದು ಬರೀ ಮರಳು. ಮಣ್ಣಿನ ವಿಜ್ಞಾನಿಗಳೂ ಹೊಲದಲ್ಲಿ ನಿಂತಾಗ ಇದನ್ನೇ ಮಾಡುತ್ತಾರೆ.

ಬಾಟಲಿ ಪರೀಕ್ಷೆ

ಈ ಪರೀಕ್ಷೆಗೆ ಸಮಯ ಕೊಡಿ, ಇಡೀ ಪ್ರಾಜೆಕ್ಟಿನ ಜೀವ ಇಲ್ಲಿದೆ.

ನೇರ ಗೋಡೆಯ, ಅಗಲ ಬಾಯಿಯ ಒಂದೇ ಅಳತೆಯ ಮೂರು ಗಾಜಿನ ಡಬ್ಬಿ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು ಹಾಕಿ. ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ. ಇದು ಯಾಕೆ ಅಂದರೆ, ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಮರಳಿನ ಜೊತೆ ಬೇಗ ಕೆಳಗೆ ಬಿದ್ದುಬಿಡುತ್ತವೆ, ಲೆಕ್ಕ ತಪ್ಪುತ್ತದೆ. ಸೋಪು ಅವನ್ನು ಬಿಡಿಬಿಡಿಯಾಗಿ ಇಡುತ್ತದೆ. ಕೆಳಗಿನಿಂದ ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಐದು ನಿಮಿಷ ಚೆನ್ನಾಗಿ ಕುಲುಕಿ. ಎರೆ ಮಣ್ಣಿಗೆ ಐದು ಸಾಲದು, ಹತ್ತು ನಿಮಿಷ ಕುಲುಕಿ, ಹೆಂಟೆ ತಳದಲ್ಲಿ ಉಳಿಯಬಾರದು.

ಈಗ ಅಲುಗಾಡದ ಜಾಗದಲ್ಲಿ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷ ಆದ ಕೂಡಲೇ ತಳದಲ್ಲಿ ಕೂತ ಮಣ್ಣಿನ ಎತ್ತರಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ. ಅದು ಮರಳು. ಹನ್ನೆರಡು ಗಂಟೆ ಬಿಟ್ಟು ಇನ್ನೊಂದು ಗೆರೆ. ಎರಡು ಗೆರೆಗಳ ನಡುವೆ ಇರುವುದು ರೇವೆ. ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ, ಬೆರಳಿಗೆ ನುಣ್ಣಗೆ ತಾಗುತ್ತದೆ ಆದರೆ ಅಂಟುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಇಟ್ಟರೆ ರಾತ್ರಿ ಎಂಟಕ್ಕೆ ಗೆರೆ ಹಾಕಬಹುದು. ಆಮೇಲೆ ನೀರು ತಿಳಿಯಾಗುವವರೆಗೆ ಬಿಡಿ, ಎರಡು ದಿನವೋ ನಾಲ್ಕು ದಿನವೋ. ಕೊನೆಯ ಗೆರೆಯವರೆಗಿನದ್ದು ಜೇಡಿ.

ಒಂದು ನಿಮಿಷ, ಹನ್ನೆರಡು ಗಂಟೆ, ಈ ಹೊತ್ತು ಸುಮ್ನೆ ಬಂದದ್ದಲ್ಲ. ನೀರಿನಲ್ಲಿ ಸಣ್ಣ ಕಾಳು ಎಷ್ಟು ವೇಗವಾಗಿ ಇಳಿಯುತ್ತದೆ ಅನ್ನುವ ಸೂತ್ರವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟರು. ಅದರ ಪ್ರಕಾರ ವೇಗ ಕಾಳಿನ ಅಗಲದ ವರ್ಗದ ಮೇಲೆ ನಿಂತಿದೆ. ಕಾಳು ಹತ್ತು ಪಟ್ಟು ಸಣ್ಣದಾದರೆ ಇಳಿಯುವುದು ನೂರು ಪಟ್ಟು ನಿಧಾನ. ಮರಳು ಅನ್ನಿಸಿಕೊಳ್ಳಲು ಕನಿಷ್ಠ 0.05 ಮಿ.ಮೀ. ಅಗಲ ಇರಬೇಕು, ಅಂಥ ಕಾಳು 10 ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ಸಾಕು. ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು. ಅಷ್ಟೇ ದೂರಕ್ಕೆ ಅದಕ್ಕೆ ಸುಮಾರು ಎಂಟು ಗಂಟೆ ಬೇಕು. ನಮ್ಮ ಡಬ್ಬಿಯಲ್ಲಿ 15 ಸೆಂಟಿಮೀಟರ್ ನೀರಿದೆ, ಲೆಕ್ಕ ಹಾಕಿ, ನಿಮಗೇ ಹನ್ನೆರಡು ಬರುತ್ತದೆ. ಕೆಲವು ಪುಸ್ತಕದಲ್ಲಿ ಎರಡು ಗಂಟೆಗೆ ಗೆರೆ ಹಾಕಿ ಅಂತ ಇರುತ್ತದೆ. ಅದು ಅಂದಾಜಿಗೆ ಸರಿ. ಸಮಯ ಇದ್ದರೆ ಹನ್ನೆರಡೇ ಇರಲಿ.

ಶೇಕಡಾ ಲೆಕ್ಕ ಸುಲಭ. ಒಟ್ಟು ಮಣ್ಣಿನ ಎತ್ತರ 8 ಸೆಂ.ಮೀ., ಅದರಲ್ಲಿ ಮರಳು 2, ರೇವೆ 1.5, ಜೇಡಿ 4.5 ಇದೆ ಅಂದುಕೊಳ್ಳಿ. 4.5 ಭಾಗಿಸು 8, ಗುಣಿಸು 100. ಜೇಡಿ ಶೇ. 56. ಎರೆ ಮಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿ ಬಂದರೆ ಆಶ್ಚರ್ಯ ಇಲ್ಲ. ಬಾದಾಮಿ ಮಸಾರಿಯಲ್ಲಿ ಇದು ಉಲ್ಟಾ, ಮರಳೇ ದೊಡ್ಡ ಪಾಲು. ಯಾಕೆಂದರೆ ಮರಳುಗಲ್ಲು ಎಷ್ಟು ಸವೆದರೂ ಅದರೊಳಗಿನ ಬೆಣಚುಕಲ್ಲಿನ ಕಾಳು ಹಾಗೇ ಉಳಿಯುತ್ತದೆ. ಬಸಾಲ್ಟಿನಲ್ಲಿ ಅಂಥ ಗಟ್ಟಿ ಕಾಳು ಹೆಚ್ಚಾಗಿ ಇಲ್ಲ. ಅದರ ಖನಿಜಗಳು ನೀರು, ಗಾಳಿಗೆ ಒಡೆದು ಜೇಡಿಯಾಗುತ್ತವೆ. ಎಚ್ಚರ ಒಂದೇ: ಎರೆಯ ಜೇಡಿ ನೀರು ಹೀರಿ ಉಬ್ಬುತ್ತದೆ, ಹಾಗಾಗಿ ಅದರ ಪದರ ನಿಜಕ್ಕಿಂತ ದಪ್ಪ ಕಾಣುತ್ತದೆ. ಚಾರ್ಟಿನಲ್ಲಿ ‘ಅಂದಾಜು’ ಅಂತ ಬರೆಯಲು ಮರೆಯಬೇಡಿ. ಜಡ್ಜ್‌ಗಳಿಗೆ ಅದು ಇಷ್ಟ ಆಗುತ್ತದೆ.

ಗೆರೆ ಹಾಕಿ, ಫೋಟೋ ತೆಗೆದು ಮುಗಿದ ಮೇಲೆ ಅದೇ ಡಬ್ಬಿಗಳನ್ನು ಎಸೆಯಬೇಡಿ. ಮೇಲಿನ ನೀರು ಇನ್ನೂ ಕದಡಿದ್ದರೆ ಒಂದು ಚೂರು ಪಟಕ ಹಾಕಿ ನೋಡಿ. ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ, ಆದ್ದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಪಟಕದ ಅಲ್ಯೂಮಿನಿಯಂ ಅದನ್ನು ತಣಿಸುತ್ತದೆ, ಕಣಗಳು ಗುಂಪುಗೂಡಿ ಬೀಳುತ್ತವೆ. ಮಳೆಗಾಲದ ಹೊಳೆ ನೀರನ್ನು ಹಿರಿಯರು ಪಟಕ ಆಡಿಸಿ ತಿಳಿ ಮಾಡುತ್ತಿದ್ದರಲ್ಲ, ಆ ಕೆಲಸವೇ ಇದು.

ಕುಗ್ಗುವ ಪರೀಕ್ಷೆ, ಉಬ್ಬುವ ಕಾರಣ

ಪ್ಲಂಬರ್ ಹತ್ತಿರ ಪಿವಿಸಿ ಪೈಪಿನ ಮೂರು ತುಂಡು ಕೇಳಿ, ಪ್ರತಿಯೊಂದು 10 ಸೆಂಟಿಮೀಟರ್ ಉದ್ದ. ಉದ್ದಕ್ಕೆ ಸೀಳಿಸಿದರೆ ಅರ್ಧ ಕೊಳವೆ ಸಿಗುತ್ತದೆ. ಒಳಗೆ ಎಣ್ಣೆ ಸವರಿ, ಎರಡು ತುದಿಗೆ ರಟ್ಟು ಅಂಟಿಸಿ, ಗಟ್ಟಿ ಕೆಸರಿನ ಹದಕ್ಕೆ ಕಲಸಿದ ಮಣ್ಣನ್ನು ತುಂಬಿ ಸಮ ಮಾಡಿ. ನೆರಳಿನಲ್ಲಿ ಎರಡು ದಿನ, ಆಮೇಲೆ ಬಿಸಿಲಿನಲ್ಲಿ ಒಂದು ದಿನ. ಈಗ ಪಟ್ಟಿಯ ಉದ್ದ ಅಳೆಯಿರಿ. ಮಸಾರಿ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಎರೆಯ ಪಟ್ಟಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಕುಗ್ಗಬಹುದು, ಬಿಲ್ಲಿನಂತೆ ಬಾಗಲೂಬಹುದು. ಮುರಿದರೆ ತುಂಡು ಜೋಡಿಸಿ ಅಳೆಯಿರಿ.

ಇದಕ್ಕೆ ಕಾರಣ ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಅದರ ಪ್ರತಿ ಕಣವೂ ತೆಳು ಹಾಳೆಗಳ ಅಟ್ಟಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಜೋಳದ ರೊಟ್ಟಿ ಇದ್ದ ಹಾಗೆ. ಆ ಹಾಳೆಗಳ ನಡುವಿನ ಹಿಡಿತ ಬಹಳ ಸಡಿಲ, ನೀರು ಒಳಗೆ ನುಗ್ಗಿ ಹಾಳೆಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ನೀರು ಹೋದರೆ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ, ಹೊಲದಲ್ಲಿ ಬಿರುಕು ಬಿಡುತ್ತದೆ. ಜಂಬಿಟ್ಟಿಗೆ ಮಣ್ಣಿನ ಜೇಡಿ ಬೇರೆ, ಕಯೊಲಿನೈಟ್. ಅದರ ಹಾಳೆಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ನೀರಿಗೆ ಒಳಗೆ ಜಾಗ ಇಲ್ಲ. ಅದಕ್ಕೇ ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಜೇಡಿ ಸಾಕಷ್ಟಿದ್ದರೂ ಅಂಥ ಬಿರುಕು ಕಾಣುವುದಿಲ್ಲ.

ಎರೆ ಭೂಮಿಯಲ್ಲಿ ಮನೆ ಕಟ್ಟುವವರು ತಳಪಾಯದ ಎರೆ ತೆಗೆದು ಗರಸು ತುಂಬುವುದು, ಹೊಸ ರಸ್ತೆಯೂ ಎರಡು ಮಳೆಗಾಲಕ್ಕೆ ಏರುಪೇರಾಗುವುದು, ಎಲ್ಲಾ ಈ ಹಾಳೆಗಳ ಆಟ.

ಇನ್ನೊಂದು ವಿಷಯ. ಎರೆ ಕಪ್ಪಗಿದೆ, ಅಂದರೆ ಅದರಲ್ಲಿ ಗೊಬ್ಬರದ ಅಂಶ ಜಾಸ್ತಿ ಇದೆ ಅಂತ ಬಹಳ ಜನ ಬರೆಯುತ್ತಾರೆ. ತಪ್ಪು. ನಮ್ಮ ಎರೆಯಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆಯೇ. ಇರುವ ಸ್ವಲ್ಪವೇ ಜೇಡಿಯ ಜೊತೆ ಗಟ್ಟಿಯಾಗಿ ಬೆರೆತು ಕಪ್ಪು ಬಣ್ಣ ಕೊಡುತ್ತದೆ.

ನೀರು ಹಿಡಿಯುವುದು, ಬಿಡುವುದು

ಮೂರು ನೀರಿನ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗೆ ಲೋಟದ ಮೇಲೆ ನಿಲ್ಲಿಸಿ. ಪ್ರತಿಯೊಂದರಲ್ಲೂ 200 ಗ್ರಾಂ ಒಣ ಮಣ್ಣು ಹಾಕಿ, ಮೇಲೆ 200 ಮಿಲಿ ನೀರು ನಿಧಾನ ಸುರಿಯಿರಿ. ಒಂದು ಗಂಟೆ ಬಿಟ್ಟು ಲೋಟದಲ್ಲಿ ಎಷ್ಟು ಬಂತು ಅಳೆಯಿರಿ. ಬಂದ ನೀರನ್ನು 200ರಿಂದ ಕಳೆದರೆ ಮಣ್ಣು ಹಿಡಿದದ್ದು ಎಷ್ಟು ಅಂತ ಸಿಗುತ್ತದೆ. ಮಣ್ಣಿನ ಮೇಲೆ ಇನ್ನೂ ನೀರು ನಿಂತಿದ್ದರೆ ಅದನ್ನೂ ಬರೆದುಕೊಳ್ಳಿ.

ಇಲ್ಲಿಗೆ ನಿಲ್ಲಿಸಬೇಡಿ. ಮಣ್ಣು ಬದಲಿಸದೆ ಇನ್ನೊಂದು 200 ಮಿಲಿ ಸುರಿಯಿರಿ. ಮಸಾರಿಯಲ್ಲಿ ನೀರು ಎರಡನೇ ಸಲವೂ ಸರಾಗ ಇಳಿಯುತ್ತದೆ. ಎರೆಯಲ್ಲಿ ಮೊದಲ ಸಲ ಹೆಂಟೆಗಳ ಸಂದಿಯಲ್ಲಿ ಬೇಗ ಇಳಿದ ನೀರು ಎರಡನೇ ಸಲ ನಿಂತೇ ಬಿಡುತ್ತದೆ, ಹನಿ ಹನಿಯಾಗಿ ಬರುತ್ತದೆ. ಮಣ್ಣು ಉಬ್ಬಿ ದಾರಿ ಮುಚ್ಚಿಕೊಂಡಿತು. ಹೊಲದಲ್ಲೂ ಇದೇ ಆಗುವುದು. ಬೇಸಿಗೆಯಲ್ಲಿ ಬಿಟ್ಟ ಬಿರುಕಿನಲ್ಲಿ ಮೊದಲ ಮಳೆ ಆಳಕ್ಕೆ ಹೋಗುತ್ತದೆ. ಆಮೇಲೆ ಬಿರುಕು ಮುಚ್ಚಿ, ಜೋರು ಮಳೆ ಬಂದರೆ ಮೇಲೆ ನಿಲ್ಲುತ್ತದೆ ಇಲ್ಲವೇ ಹರಿದುಹೋಗುತ್ತದೆ, ಮಣ್ಣನ್ನೂ ಒಯ್ಯುತ್ತದೆ.

ನಿಮ್ಮ ಅಜ್ಜನನ್ನೋ ಓಣಿಯ ಹಿರಿಯರನ್ನೋ ಈಗ ಕೇಳಿ ನೋಡಿ, ಮಳೆಗಾಲದಲ್ಲಿ ಎರೆ ಹೊಲ ಖಾಲಿ ಬಿಟ್ಟು ಮಳೆ ಮುಗಿಯುವಾಗ ಯಾಕೆ ಬಿತ್ತುತ್ತೀರಿ ಅಂತ. ವಿಜಯಪುರದ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಹೊತ್ತಿಗೆ. ಮುಂಗಾರಿಯಲ್ಲಿ ಹೊಲ ಹರಗಿ ಇಟ್ಟುಕೊಂಡು, ಮಣ್ಣಿಗೆ ನೀರು ಕುಡಿಸಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಹಾಕುತ್ತಾರೆ. ಆಮೇಲೆ ಚಳಿಗಾಲದ ಇಬ್ಬನಿ ಬಿಟ್ಟರೆ ಮಳೆ ಇಲ್ಲದಿದ್ದರೂ ಮಾಲದಂಡಿ ಜೋಳ ತೆನೆ ಕಟ್ಟುತ್ತದೆ. ಆ ನೀರು ಬಂದದ್ದು ನಿಮ್ಮ ಎರೆಯ ಲೋಟಕ್ಕೆ ಇಳಿಯದೆ ಮಣ್ಣಿನಲ್ಲೇ ಉಳಿದ ಪಾಲಿನಿಂದ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅನ್ನುವ ಮಾತು ಆ ಕಡೆ ಇದೆ, ಡೋಣಿ ಹೊಳೆ ಸಾಲಿನ ಆಳ ಎರೆಯನ್ನು ನೋಡಿದವರು ಇದನ್ನು ಉತ್ಪ್ರೇಕ್ಷೆ ಅನ್ನುವುದಿಲ್ಲ. ಬೆಳೆ ನಡುವೆ ಎಡೆ ಹೊಡೆಯುವುದೂ ಬರೀ ಕಳೆ ತೆಗೆಯಲು ಅಲ್ಲ. ಬಿರುಕು ಮುಚ್ಚಿದರೆ ಆಳದ ಹಸಿ ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. ಹೊಲವನ್ನು ಸಣ್ಣ ಚೌಕು ಮಡಿಗಳಾಗಿ ಮಾಡಿ ಮಳೆ ನೀರನ್ನು ಬಿದ್ದಲ್ಲೇ ನಿಲ್ಲಿಸುವುದೂ ಇದೇ ಲೆಕ್ಕದ್ದು. ದೇಶದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿ ಶುರುವಾದ ಕೆಲವೇ ಊರುಗಳಲ್ಲಿ ಸೋಲಾಪುರ, ರಾಯಚೂರು, ಹಗರಿ ಜೊತೆ ವಿಜಯಪುರವೂ ಒಂದು.

ಈಗ ವಿನೆಗರ್

ಎರೆ ಮಣ್ಣಿನಲ್ಲಿ ಹುಡುಕಿದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಒಂದನ್ನು ತಟ್ಟೆಯಲ್ಲಿಟ್ಟು ವಿನೆಗರ್ ಹನಿಸಿ, ಕಿವಿ ಹತ್ತಿರ ತನ್ನಿ. ಗುಳ್ಳೆ ಬರುತ್ತದೆ, ಸಣ್ಣಗೆ ಸದ್ದೂ ಕೇಳುತ್ತದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಆಮ್ಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದೆ. ಖಾನಾಪುರದ ಕೆಂಪು ಮಣ್ಣಿಗೆ ಎಷ್ಟು ಸುರಿದರೂ ಇದು ಬರುವುದಿಲ್ಲ.

ಕಾರಣ ಮಳೆ. ಬಸಾಲ್ಟಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ವಿಜಯಪುರದ ಮಳೆಗೆ ಅದನ್ನು ತೊಳೆದು ಒಯ್ಯುವಷ್ಟು ಶಕ್ತಿ ಇಲ್ಲ, ಮಣ್ಣಿನಲ್ಲೇ ಹರಳುಗಟ್ಟುತ್ತದೆ. ಖಾನಾಪುರದ ಪಶ್ಚಿಮದ ಕಾಡಿನಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಮಳೆ. ಸುಣ್ಣವೆಲ್ಲ ಯಾವತ್ತೋ ತೊಳೆದುಹೋಗಿದೆ. ಹಾಗಾಗಿ ಎರೆ ಸ್ವಲ್ಪ ಕ್ಷಾರದ ಕಡೆ, ಜಂಬಿಟ್ಟಿಗೆ ಮಣ್ಣು ಆಮ್ಲದ ಕಡೆ.

ಇದನ್ನು ಬಣ್ಣದಲ್ಲಿ ತೋರಿಸಬೇಕಾ? ಐದಾರು ಕೆಂಪು ದಾಸವಾಳದ ಎಸಳನ್ನು ಅರ್ಧ ಲೋಟ ನೀರಿನಲ್ಲಿ ಕುದಿಸಿ ಸೋಸಿ. ಸ್ವಲ್ಪ ರಸಕ್ಕೆ ವಿನೆಗರ್ ಹಾಕಿದರೆ ಕಡು ಗುಲಾಬಿ, ಅಡುಗೆ ಸೋಡಾ ಹಾಕಿದರೆ ಹಸಿರು ಬರುತ್ತದೆ. ಈ ಎರಡು ಲೋಟ ಹೋಲಿಕೆಗೆ ಇರಲಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ, ಕಲಕಿ, ತಿಳಿ ಸೋಸಿ, ಅದಕ್ಕೆ ಕೆಲವು ಹನಿ ಹೂವಿನ ರಸ ಹಾಕಿ. ಬೋರ್‌ವೆಲ್ ನೀರು ಇದಕ್ಕೆ ಆಗುವುದಿಲ್ಲ, ಅದರಲ್ಲೇ ಸುಣ್ಣ ಇರುತ್ತದೆ. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಕೇಳುವಾಗ ಹೆಸರು ಸರಿಯಾಗಿ ಹೇಳಿ, ಲೇಬಲ್ ಓದಿ, ದೊಡ್ಡವರೇ ತರಲಿ, ಯಾಕೆಂದರೆ ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಬಣ್ಣದ ಬದಲಾವಣೆ ಬಹಳ ಮೆಲ್ಲಗೆ ಇರುತ್ತದೆ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ.

ಅರಿಶಿನದ ಕಾಗದ ಬಳಸಿ ‘ಎರೆಯಲ್ಲಿ ಬಣ್ಣ ಬದಲಾಗಲಿಲ್ಲ, ಆದ್ದರಿಂದ ತಟಸ್ಥ’ ಅಂತ ಬರೆಯುವವರಿದ್ದಾರೆ. ಅರಿಶಿನ ಚೆನ್ನಾಗಿ ಕೆಂಪಾಗಲು ಪಿಎಚ್ (ಆಮ್ಲ, ಕ್ಷಾರದ ಅಳತೆ, ಏಳು ಅಂದರೆ ತಟಸ್ಥ) ಎಂಟೂವರೆ ದಾಟಬೇಕು. ಸಾಮಾನ್ಯ ಎರೆ ಎಂಟರ ಆಸುಪಾಸು. ಹಾಗಾಗಿ ಅರಿಶಿನ ಇಲ್ಲಿ ಕೆಲಸಕ್ಕೆ ಬಾರದು.

ಆಸಕ್ತಿ ಇದ್ದವರಿಗೆ ಇನ್ನೊಂದು ಸಣ್ಣ ಆಟ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಎಳೆಯಿರಿ. ಕಪ್ಪು ಕಾಳು ಅಂಟುತ್ತವೆ, ಅದು ಕಲ್ಲಿನಿಂದ ಬಿಡಿಸಿಕೊಂಡ ಮ್ಯಾಗ್ನಟೈಟ್. ಚೀಲ ಇಲ್ಲದೆ ಮಾಡಿದರೆ ಆಯಸ್ಕಾಂತ ಕ್ಲೀನ್ ಮಾಡುವುದರಲ್ಲೇ ಸಂಜೆ ಆಗುತ್ತದೆ.

ಸವಳು ಇದ್ದ ಊರಿನವರಿಗೆ

ಕೃಷ್ಣಾ, ಘಟಪ್ರಭಾ ನೀರಾವರಿ ಇರುವ ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಡೆ ಕಬ್ಬಿನ ಹೊಲಗಳ ನಡುವೆ ಬಿಳಿ ಪುಡಿ ಬಂದ ಜಾಗ ನೋಡಿರುತ್ತೀರಿ. ಅದು ಸವಳು. ನೀರು ಜಾಸ್ತಿ ಬಿಟ್ಟು, ಬಸಿದು ಹೋಗಲು ದಾರಿ ಇಲ್ಲದಿದ್ದಾಗ ಕೆಳಗಿನ ನೀರು ಮೇಲಕ್ಕೆ ಬರುತ್ತದೆ, ಆವಿಯಾಗುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಅಂಥ ಮಣ್ಣಿನ ತಿಳಿ ನೀರನ್ನು ಸೋಸಿ ಕಪ್ಪು ತಟ್ಟೆಯಲ್ಲಿ ಬಿಸಿಲಿಗಿಡಿ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಒಳ್ಳೆಯ ಹೊಲದ್ದನ್ನೂ ಪಕ್ಕದಲ್ಲೇ ಇಟ್ಟು ಹೋಲಿಸಿ. ನಾಲಿಗೆಗೆ ಹಚ್ಚಿ ನೋಡಬೇಡಿ.

ಸವಳಿನಲ್ಲಿ ಎರಡು ಬಗೆ ಇವೆ. ಗುರುತಿಸಲು ಸೋಪು ಹಾಕದೆ ಬಾಟಲಿ ಪರೀಕ್ಷೆ ಮಾಡಿ. ಉಪ್ಪು ಜಾಸ್ತಿ ಇರುವ ಮಣ್ಣಿನ ನೀರು ಬೇಗ ತಿಳಿಯಾಗುತ್ತದೆ, ಪಟಕ ಮಾಡಿದ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತದೆ. ಸೋಡಿಯಂ ಜೇಡಿಯನ್ನೇ ಹಿಡಿದುಕೊಂಡಿರುವ ಮಣ್ಣು ದಿನಗಟ್ಟಲೆ ಕದಡಿಯೇ ಇರುತ್ತದೆ. ಎರಡನೆಯದು ಕಷ್ಟದ್ದು. ಅದನ್ನು ಸರಿ ಮಾಡಲು ಜಿಪ್ಸಂ ಹಾಕಿ, ನೀರು ಬಸಿಯುವ ವ್ಯವಸ್ಥೆ ಮಾಡಬೇಕಾಗುತ್ತದೆ. ಆದರೆ ನಿಮ್ಮ ಬಾಟಲಿ ನೋಡಿ ಅಪ್ಪ ಜಿಪ್ಸಂ ತರಲು ಹೊರಟರೆ ತಡೆಯಿರಿ. ಅದಕ್ಕೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಮಣ್ಣು ಆರೋಗ್ಯ ಚೀಟಿ ಮೊದಲೇ ಇದ್ದರೆ (2015ರಿಂದ ಕೊಡುತ್ತಿದ್ದಾರೆ) ಅದರಲ್ಲಿ ಪಿಎಚ್ ಎಷ್ಟಿದೆ ನೋಡಿ, ನಿಮ್ಮ ದಾಸವಾಳದ ಬಣ್ಣಕ್ಕೆ ಹೊಂದುತ್ತದೆಯಾ ಪರೀಕ್ಷಿಸಿ.

ಪ್ರದರ್ಶನಕ್ಕೆ ಇಡುವಾಗ

ಚಾರ್ಟಿನ ಮೇಲೆ ಒಂದೇ ಕೋಷ್ಟಕ ಸಾಕು. ಅಡ್ಡ ಸಾಲಿನಲ್ಲಿ ಮೂರು ಮಣ್ಣು, ಉದ್ದ ಸಾಲಿನಲ್ಲಿ ಕೆಳಗಿನ ಕಲ್ಲು, ಮಳೆ, ಪಟ್ಟಿಯ ಉದ್ದ, ಜೇಡಿಯ ಅಂದಾಜು, ಎಷ್ಟು ಕುಗ್ಗಿತು, ಎಷ್ಟು ನೀರು ಹಿಡಿಯಿತು, ವಿನೆಗರ್‌ಗೆ ಗುಳ್ಳೆ ಬಂತೋ ಇಲ್ಲವೋ, ಕೊನೆಗೆ ಅಲ್ಲಿನ ಬೆಳೆ. ಕೇಳುವ ಪ್ರಶ್ನೆ ಹೆಚ್ಚಾಗಿ ‘ಎರೆ ಒಳ್ಳೆಯದೋ ಮಸಾರಿ ಒಳ್ಳೆಯದೋ’ ಅನ್ನುವುದು. ಯಾವುದಕ್ಕೆ ಅಂತ ಮರಳಿ ಕೇಳಿ. ಹಿಂಗಾರಿ ಜೋಳಕ್ಕೆ ಎರೆ. ಶೇಂಗಾ ಕೀಳುವಾಗ ಕಾಯಿ ನೆಲದಲ್ಲೇ ಉಳಿಯದೆ ಸಲೀಸಾಗಿ ಬರಬೇಕೆಂದರೆ ಮಸಾರಿ. ಎರಡು ಲೋಟದ ನೀರು ಮತ್ತು ಕುಗ್ಗಿದ ಪಟ್ಟಿಯನ್ನು ತೋರಿಸಿಯೇ ಉತ್ತರ ಕೊಡಬಹುದು.

ಬಾಟಲಿಗಳನ್ನು ಮಾತ್ರ ಹಿಂದಿನ ದಿನವೇ ಶಾಲೆಗೆ ಒಯ್ದು, ಅಲ್ಲೇ ಕುಲುಕಿ ಇಟ್ಟು ಬನ್ನಿ. ಬೆಳಿಗ್ಗೆ ಬಸ್ಸಿನಲ್ಲಿ ತಂದರೆ ಪದರಗಳೆಲ್ಲ ಕಲಸಿಹೋಗಿರುತ್ತವೆ, ಮತ್ತೆ ಹನ್ನೆರಡು ಗಂಟೆ ಕಾಯುವಷ್ಟು ತಾಳ್ಮೆ ಯಾವ ಜಡ್ಜ್‌ಗೂ ಇರುವುದಿಲ್ಲ. ಒಂದು ಬಾಟಲಿ ಜಾಸ್ತಿ ಇಟ್ಟುಕೊಳ್ಳಿ, ಅದನ್ನು ಅವರ ಮುಂದೆಯೇ ಕುಲುಕಿ, ಒಂದು ನಿಮಿಷಕ್ಕೆ ಮರಳು ಕೂರುವುದನ್ನು ಗಡಿಯಾರ ಹಿಡಿದು ತೋರಿಸಿ.